ಸರ್ವರ್ ಇಲ್ರಿ, ನಾಳಿ ಬರ್ರಿ

ನವಲಗುಂದ ಬಸ್ ಸ್ಟ್ಯಾಂಡಿನ ಹತ್ತಿರ ನಂದೊಂದು ಸಣ್ಣ ಅಂಗಡಿ ಐತಿ. ಬೋರ್ಡಿನ ಮೇಲೆ ಝೆರಾಕ್ಸ್ ಅಂತ ಬರೆದಿದ್ದರೂ ಬರೇ ಝೆರಾಕ್ಸಿನಿಂದ ಹೊಟ್ಟೆ ತುಂಬುವ ಕಾಲ ಹೋಗಿ ಬಹಳ ದಿನ ಆಯಿತು. ಪಹಣಿ, ಜಾತಿ-ಆದಾಯದ ಅರ್ಜಿ, ಹುಡುಗರ ಸ್ಕಾಲರ್‌ಶಿಪ್, ಬೆಳೆ ವಿಮೆ, ಒಮ್ಮೊಮ್ಮೆ ಲಗ್ನಪತ್ರಿಕೆ, ಹೀಗೆ ಕಂಪ್ಯೂಟರ್ ಮುಂದೆ ಕುಂತು ಮಾಡುವ ಕೆಲಸ ಯಾವುದಾದರೂ ಮಾಡುತ್ತೇನೆ.

ಈ ಅಂಗಡಿಯಲ್ಲಿ ಕುಂತು ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದು ಅಂತ ಕೇಳಿದರೆ ಲೆಕ್ಕ ಹಾಕುವ ಕೆಲಸವೇ ಇಲ್ಲ. "ಸರ್ವರ್ ಇಲ್ರಿ, ನಾಳಿ ಬರ್ರಿ."

ನಾನೊಬ್ಬನೇ ಅಲ್ಲ. ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಎಲ್ಲೇ ಹೋಗಿ ಇಂಥ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲರಿ, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಮಳಿ ಇಲ್ಲ, ಕರೆಂಟ್ ಇಲ್ಲ ಅಂದ ಹಾಗೇ ನಮ್ಮ ಕಡೆ ಸರ್ವರ್ ಇಲ್ಲ ಅಂತಾರೆ. ನಮ್ಮ ಅಪ್ಪನ ಕಾಲದವರು ಕಚೇರಿಗೆ ಹೋಗಿ "ಸಾಹೇಬ್ರು ಇಲ್ಲ" ಅನ್ನಿಸಿಕೊಂಡು ತಿರುಗಿ ಬರುತ್ತಿದ್ದರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಏರಿತು. ಆಮೇಲೆ ಸಾಹೇಬರ ಕುರ್ಚಿಯಲ್ಲಿ ಸರ್ವರ್ ಬಂದು ಕುಂತಿತು.

ಈ ಮಾತು ಆಡುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಯಾಕೆ ಅಂತ ಹೇಳಬೇಕಾದರೆ ಹೋದ ಮುಂಗಾರಿನ ಮೂರು ದಿನದ ಕಥೆ ಹೇಳಬೇಕು.

ಹೆಸರು ಬೆಳೆಗೆ ವಿಮೆ ತುಂಬುವ ಕೊನೆಯ ಮೂರು ದಿನ. ನಮ್ಮ ಎರಿ ಹೊಲದವರಿಗೆ ಹೆಸರು ಅಂದರೆ ಮುಂಗಾರಿನ ಕೈಖರ್ಚು. ಬಿತ್ತಿದ ಎರಡು-ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಆದರೆ ಕಾಯಿ ಒಣಗುವ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೇ ಕಾಳು ಮೊಳಕೆ ಒಡೆಯುತ್ತದೆ, ಕೈಗೆ ಬಂದದ್ದು ಹೋಗುತ್ತದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳು-ಕಡಿಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ 2ರಷ್ಟು. ಸಣ್ಣ ಮೊತ್ತವೇ. ಆದರೆ ತಾರೀಖು ದಾಟಿದರೆ ಎಷ್ಟು ಕೊಟ್ಟರೂ ಯಾರೂ ತಗೊಳ್ಳೋದಿಲ್ಲ.

ಮೊದಲನೇ ದಿನ ಬೆಣ್ಣಿಹಳ್ಳದ ಕಡೆಯ ಒಂದು ಹಳ್ಳಿಯಿಂದ ಒಬ್ಬ ಕಾಕಾ ಬಂದರು. ವಯಸ್ಸು ಅರವತ್ತೈದರ ಮ್ಯಾಲೆ. ಪೇಜ್ ತಿರುಗಿತು, ತಿರುಗಿತು, ಓಪನ್ ಆಗಲಿಲ್ಲ. ನಾನು ರೂಢಿಯ ಮಾತು ಹೇಳಿದೆ. ಕಾಕಾ ಹೋದರು. ಸಂಜಿಮುಂದ ಅಣ್ಣಿಗೇರಿಯ ಗೆಳೆಯ ಫೋನ್ ಮಾಡಿ, ಅವನ ಕಡೆಯೂ ದಿನವಿಡೀ ಹಾಗೇ ಆಗಿತ್ತು ಅಂದ. ಅಂದರೆ ಮೊದಲನೇ ದಿನ ಸರ್ವರ್ ಖರೇನ ಇರಲಿಲ್ಲ.

ಆ ರಾತ್ರಿ ಗಾಳಿ-ಮಳೆಗೆ ಕರೆಂಟ್ ಹೋಗಿ ಬೆಳತನಕ ಬರಲಿಲ್ಲ. ಎರಡನೇ ದಿನ ಕಂಪ್ಯೂಟರ್ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಎರಡು ಸಾಲು ಬಂದು, ಮುಂದುವರಿಯಲು ಎಫ್1 ಒತ್ತು ಅಂದಿತು. ಒತ್ತಿದೆ. ಏನು ಬರೆದಿತ್ತು ಅಂತ ಓದಲಿಲ್ಲ. ಕಾಕಾ ಬಂದು ಕುಂತಿದ್ದರು. ಪೇಜ್ ಹಾಕಿದರೆ ಬಿಳಿ ಹಾಳೆಯ ಮೇಲೆ ಕೆಂಪು ಗುರುತು. ಅದನ್ನೂ ಓದಲಿಲ್ಲ. "ಇವತ್ತೂ ಇಲ್ರಿ ಕಾಕಾ" ಅಂದೆ.

ಅವತ್ತೇ ಮಧ್ಯಾಹ್ನ ಒಬ್ಬಾಕಿ ಅಕ್ಕ ಬಂದಿದ್ದಳು. ಕ್ಯಾರಿಬ್ಯಾಗಿನಲ್ಲಿ ಪಹಣಿ, ಪಾಸ್‌ಬುಕ್, ಆಧಾರ್ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ನನ್ನ ಮಾತು ಕೇಳಿ, "ನಾಳಿ ಖಾತ್ರಿ ಬರತೈತೇನ್ರಿ?" ಅಂತ ಕೇಳಿದಳು. "ಬರಬಹುದ್ರಿ" ಅಂದೆ. ಸ್ವಲ್ಪ ಹೊತ್ತು ನಿಂತು ಹೋದಳು.

ಮೂರನೇ ದಿನ ಕೊನೆಯ ದಿನ. ಅಂಗಡಿ ಬಾಗಿಲು ತೆಗೆಯುವ ಮೊದಲೇ ಕಾಕಾ ಕಟ್ಟೆಯ ಮೇಲೆ ಕುಂತಿದ್ದರು. ಮತ್ತೆ ಕೆಂಪು ಗುರುತು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವರೇ ಅಂದರು:

"ಇಲ್ಲ ಅಂತೀ ಹೌದಲ್ಲ?"

"ಹೌದ್ರಿ ಕಾಕಾ."

"ಎಲ್ಲಿ ಇಲ್ಲೋ ತಮ್ಮಾ?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರು ಬೀಡಿ ಹಚ್ಚದೇ ಕೈಯಲ್ಲಿ ಹಿಡಿದು ಸಾವಕಾಶ ಹೇಳಿದರು. "ಅಲ್ಲಪಾ, ನಮ್ಮ ಹೊಲಕ್ಕ ಕಾಲುವಿ ನೀರು ಬರಲಿಲ್ಲಂದ್ರ ಡ್ಯಾಮಿನ್ಯಾಗ ನೀರಿಲ್ಲಂತ ಮನಿಗಿ ಹೋಗಿ ಮಕ್ಕೋತೀವೇನು? ಸಲಿಕಿ ಹೆಗಲಿಗಿಟ್ಕೊಂಡು ನೋಡ್ಕೋತ ಹೊಕ್ಕೀವಿ. ಮೊದಲ ನಮ್ಮ ಹೊಲದ ಬಾಯಾಗ ಕಸ ಸಿಕ್ಕೈತೇನು ನೋಡತೀವಿ. ಅಲ್ಲಿ ಇಲ್ಲಂದ್ರ ಬಾಜೂಕಿನವನ ಹೊಲ. ಆಮ್ಯಾಲ ಗೇಟ್. ಡ್ಯಾಮಿನ ಮಾತು ಕಡೀಕ. ನೀ ಎದ್ದರ ಎದ್ದೀಯೇನು ಇಲ್ಲಿಂದ?"

ನಾನು ಎದ್ದಿರಲಿಲ್ಲ. ಮೂರೂ ದಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

*

ಬ್ರೌಸರ್ ಒಂದು ಪುಟ ತೋರಿಸಬೇಕಾದರೆ ಎಷ್ಟು ಗೇಟ್ ದಾಟಬೇಕು ಅನ್ನೋದು ನನಗೆ ಗೊತ್ತಿಲ್ಲದ ವಿಷಯ ಅಲ್ಲ. ಕಂಪ್ಯೂಟರ್ ಕೋರ್ಸ್ ಮಾಡುವಾಗ ಕಲಿತಿದ್ದೆ. ಕಾಕಾನ ಮುಂದೆ ನಾಚಿಕೆ ಆಗಿ ಒಂದೊಂದೇ ನೋಡುತ್ತಾ ಹೋದೆ.

ಮೊದಲು ಜೇಬಿನ ಮೊಬೈಲ್ ತೆಗೆದು ಮೊಬೈಲಿನದೇ ಇಂಟರ್‌ನೆಟ್ ಮೇಲೆ ಅದೇ ಪೇಜ್ ಹಾಕಿದೆ. ಪಟ್ಟನೆ ತೆರೆಯಿತು. ಒಂದು ನಿಮಿಷದ ಕೆಲಸ. ಡ್ಯಾಮ್ ತುಂಬಿತ್ತು. ಕಾಕಾಗೆ ತೋರಿಸಲಿಲ್ಲ, ಫೋನ್ ಮಗ್ಗಲಿಗಿಟ್ಟೆ.

ಕೇಬಲ್ ಗಟ್ಟಿ ಇದೆ. ರೂಟರಿನ ದೀಪ ಹಸಿರು ಇವೆ. ಇನ್ನು ಪಿಂಗ್. ಪಿಂಗ್ ಅಂದರೆ ಬಾವಿಯ ಮ್ಯಾಲೆ ನಿಂತು ಕೂಗಿ, ತಿರುಗಿ ಬರುವ ದನಿ ಕೇಳಿದ ಹಾಗೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ಎಂಬಾತ, ನೆಟ್‌ವರ್ಕ್ ವಿಚಿತ್ರವಾಗಿ ಕಾಡುತ್ತಿದ್ದಾಗ ಈ ಸಣ್ಣ ಪ್ರೋಗ್ರಾಂ ಬರೆದ. ನೀರಿನೊಳಗಿನ ವಸ್ತು ಹುಡುಕಲು ಸೋನಾರ್ ಕಳಿಸುವ ಸಪ್ಪಳದ ಹೆಸರನ್ನೇ ಅದಕ್ಕಿಟ್ಟ. ಪಿಂಗ್ ಕಲಿಸುವವರು ಮೊದಲು ಕೂಗಲು ಹೇಳುವ ವಿಳಾಸ 127.0.0.1. ಅದು ಹೊರಗಿನ ಯಾವ ಮಶಿನ್ನಿನದೂ ಅಲ್ಲ, ನಮ್ಮದೇ ಕಂಪ್ಯೂಟರಿನದು. ಲೋಕವನ್ನು ಕೇಳುವ ಮೊದಲು ನೀನು ಇದ್ದೀಯಾ ಅಂತ ನಿನ್ನನ್ನೇ ಕೇಳಿಕೋ. ಕೋರ್ಸಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ.

ಒಳಗೂ ಉತ್ತರ ಬಂತು, ಹೊರಗಿನಿಂದಲೂ ಬಂತು. ಹೆಸರನ್ನು ನಂಬರಿಗೆ ಬದಲಿಸುವ ಡಿಎನ್‌ಎಸ್ ಕೂಡ ಬರೋಬ್ಬರಿ ಇತ್ತು. ಅದು ಕೆಟ್ಟರೆ ಊರು ಇರುತ್ತದೆ, ಹಾದಿಯೂ ಇರುತ್ತದೆ, ಹಾದಿ ಹೇಳುವವನು ಮಾತ್ರ ಇರೋದಿಲ್ಲ. ಅದೂ ಅಲ್ಲ ಅಂದಮೇಲೆ ನೀರು ನನ್ನ ಹೊಲದ ಬಾಯಿತನಕ ಬಂದಿತ್ತು ಅಂತಾಯಿತು.

ಆಗ ಆ ಕೆಂಪು ಗುರುತಿನ ಹಾಳೆಯನ್ನು ಮೊದಲ ಸಲ ಓದಿದೆ. ಅದರಲ್ಲಿ ಸರ್ವರ್ ಇಲ್ಲ ಅಂತ ಎಲ್ಲೂ ಬರೆದಿರಲಿಲ್ಲ. ನಿಮ್ಮ ಗಡಿಯಾರ ಹಿಂದೆ ಇದೆ ಅಂತ ಬರೆದಿತ್ತು. ಪರದೆಯ ಬಲಮೂಲೆ ನೋಡಿದೆ. 2012ನೇ ಇಸವಿ, ಜನವರಿ.

ಕಂಪ್ಯೂಟರಿನೊಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ. 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ, 3 ವೋಲ್ಟ್. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಸತ್ತಿತ್ತು. ರಾತ್ರಿ ಕರೆಂಟ್ ಹೋದಾಗ ಮಶಿನ್ ದಿನಾಂಕ ಮರೆತು, ತನ್ನ ಹುಟ್ಟಿದ ಕಾಲಕ್ಕೆ ಹೋಗಿ ನಿಂತಿತ್ತು. ನಾನು ಓದದೇ ಎಫ್1 ಒತ್ತಿದ ಆ ಎರಡು ಸಾಲು ಹೇಳಿದ್ದು ಇದನ್ನೇ ಇರಬೇಕು.

ತಾರೀಖು ತಪ್ಪಿದರೆ ಇಂಟರ್‌ನೆಟ್ ಯಾಕೆ ನಿಲ್ಲಬೇಕು? ಬೀಗದ ಗುರುತಿನ ಸೈಟುಗಳೆಲ್ಲ ತಾವು ಯಾರು ಅನ್ನುವ ಒಂದು ಪ್ರಮಾಣಪತ್ರ ಇಟ್ಟುಕೊಂಡಿರುತ್ತವೆ. ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಬ್ರೌಸರ್ ಅದನ್ನು ತನ್ನ ಗಡಿಯಾರದ ಜೊತೆ ತಾಳೆ ನೋಡುತ್ತದೆ. 2012ರಲ್ಲಿ ನಿಂತ ನನ್ನ ಮಶಿನ್ನಿಗೆ ಇವತ್ತಿನ ಪತ್ರ ತೋರಿಸಿದರೆ, ಇದು ಇನ್ನೂ ಹುಟ್ಟೇ ಇಲ್ಲ, ಹಂಗಾದ್ರ ಖೊಟ್ಟಿ ಅನ್ನುತ್ತದೆ. ತನ್ನ ತಾರೀಖು ತಪ್ಪಿರಬಹುದು ಅಂತ ಅದೇ ಬ್ರೌಸರ್ ಹಾಳೆಯ ಮೇಲೆ ಬರೆದು ತೋರಿಸಿತ್ತು. ಆ ಮಟ್ಟಿಗೆ ಅದು ನನಗಿಂತ ಪ್ರಾಮಾಣಿಕ.

ತಾರೀಖು ಸರಿ ಮಾಡಿದೆ. ಪೇಜ್ ತೆರೆಯಿತು. ಕಾಕಾನ ವಿಮೆ ಅರ್ಧ ತಾಸಿನಲ್ಲಿ ಮುಗಿಯಿತು. ಹೊಸ ಸೆಲ್ ಬಜಾರದ ವಾಚ್ ರಿಪೇರಿ ಅಂಗಡಿಯಲ್ಲಿ ಸಿಕ್ಕಿತು.

ರಸೀದಿ ಕೈಗೆ ಕೊಡುವಾಗ ಬಾಯಿ ಬಿಟ್ಟೆ. "ಕಾಕಾ, ನಿನ್ನೆ ಸರ್ವರ್ ಇತ್ತು ಅನ್ನಸ್ತದ್ರಿ. ನನ್ನ ಮಶಿನ್ನ ಕೆಟ್ಟಿತ್ತು."

ಕಾಕಾ ನನ್ನ ಮುಖ ನೋಡಿದರು. "ಹಂಗಾದ್ರ ನಿನ್ನೀದು ಬಸ್ ಚಾರ್ಜ್ ಕೊಡು."

ಚ್ಯಾಷ್ಟಿ ಅಂದುಕೊಂಡೆ. ಅಲ್ಲ. ಕೈ ಚಾಚಿಕೊಂಡೇ ನಿಂತಿದ್ದರು. ಹೋಗಿ ಬರೋ ಎರಡೂ ಟಿಕೇಟಿನ ರೊಕ್ಕ ಕೊಟ್ಟೆ. ಎಣಿಸಿ ಕಿಸೆಗೆ ಹಾಕಿಕೊಂಡು ಹೋದರು.

*

ಆಮೇಲೆ ಬಹಳ ದಿನ ಒಂದು ಲೆಕ್ಕ ತಲೆಯಲ್ಲಿ ಕೊರೆಯಿತು. ಮೊದಲನೇ ದಿನ "ಸರ್ವರ್ ಇಲ್ಲ" ಅಂದೆ, ಖರೆ ಇತ್ತು. ಎರಡನೇ ದಿನ ಅದೇ ಮಾತು ಅಂದೆ, ಖರೆ ಇರಲಿಲ್ಲ. ಹಾಗಾದರೆ ಮೊದಲನೇ ದಿನ ನಾನು ಸತ್ಯವಂತ, ಎರಡನೇ ದಿನ ಸುಳ್ಳುಗಾರನೋ?

ಸುಳ್ಳು ಅಂದರೆ ಗೊತ್ತಿದ್ದೂ ಬೇರೆ ಹೇಳೋದು. ಆ ಲೆಕ್ಕದಲ್ಲಿ ನಾನು ಎರಡೂ ದಿನ ಸುಳ್ಳು ಹೇಳಲಿಲ್ಲ. ಆದರೆ ಎರಡೂ ದಿನ ನಾನು ಮಾಡಿದ ಪರೀಕ್ಷೆ ಒಂದೇ, ಅಂದರೆ ಏನೂ ಇಲ್ಲ. ಮೊದಲನೇ ದಿನ ಮಾತು ನಿಜವಾದದ್ದು ನನ್ನ ಗುಣದಿಂದಲ್ಲ, ಸರ್ವರಿನ ಗುಣದಿಂದ. ಕಣ್ಣು ಮುಚ್ಚಿ ಎಸೆದ ಕಲ್ಲು ಒಮ್ಮೆ ಹಣ್ಣಿಗೆ ತಾಗಿತು, ಒಮ್ಮೆ ದಾರಿಹೋಕನಿಗೆ ತಾಗಿತು. ಎಸೆದವನು ಎರಡೂ ಸಲ ಒಬ್ಬನೇ.

ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ 1877ರಲ್ಲಿ ನಂಬಿಕೆಯ ನೀತಿ ಕುರಿತು ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲಕ ಬರುತ್ತಾನೆ. ಹಡಗು ಹಳೆಯದು, ರಿಪೇರಿ ಬೇಕೇನೋ ಅಂತ ಅವನಿಗೇ ಅನುಮಾನ. ಆದರೆ ತಪಾಸು ಮಾಡಿಸದೇ, ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತದೆ ಅಂತ ಮನಸ್ಸನ್ನು ಸಮಾಧಾನ ಮಾಡಿ ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ, ಅವನು ವಿಮೆಯ ಹಣ ತೆಗೆದುಕೊಳ್ಳುತ್ತಾನೆ. ಅವನು ತಪ್ಪಿತಸ್ಥ ಅನ್ನಲು ಯಾರೂ ಹಿಂಜರಿಯೋದಿಲ್ಲ. ಕ್ಲಿಫರ್ಡ್ ಕೇಳುವ ಮುಂದಿನ ಪ್ರಶ್ನೆ ನನಗೆ ತಾಗಿದ್ದು: ಆ ಹಡಗು ಸುರಕ್ಷಿತವಾಗಿ ದಡ ಸೇರಿದ್ದರೆ? ಆಗಲೂ ಅವನ ತಪ್ಪು ಕಿಂಚಿತ್ತೂ ಕಡಿಮೆ ಆಗೋದಿಲ್ಲ ಅಂತಾನೆ. ಯಾಕೆಂದರೆ ಪ್ರಶ್ನೆ ಏನು ನಂಬಿದ ಅನ್ನೋದಲ್ಲ, ನಂಬುವ ಹಕ್ಕು ಅವನಿಗೆ ಇತ್ತೋ ಇಲ್ಲೋ ಅನ್ನೋದು.

ನಮ್ಮ ದೇಶದ ಹಳೆಯ ಪಂಡಿತರೂ ಈ ಗಂಟನ್ನು ಬಿಚ್ಚಿ ನೋಡಿದ್ದಾರೆ. ಕುಮಾರಿಲ ಭಟ್ಟನ ಮೀಮಾಂಸಕರು ಮತ್ತು ಅದ್ವೈತಿಗಳು ಅನುಪಲಬ್ಧಿ ಎಂಬುದನ್ನು ಜ್ಞಾನದ ಆರನೇ ದಾರಿ ಅಂತ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ಕಾಣುವುದಿಲ್ಲ, ಆದ್ದರಿಂದ ಗಡಿಗೆ ಇಲ್ಲ ಅಂತ ತಿಳಿಯುವುದು. ಆದರೆ ಅದಕ್ಕೆ ಒಂದು ಕರಾರು ಇದೆ. ಗಡಿಗೆ ಇದ್ದಿದ್ದರೆ ಕಾಣುವಂತಿರಬೇಕು. ಬೆಳಕು ಇರಬೇಕು, ಕಣ್ಣು ಸರಿ ಇರಬೇಕು. ಕತ್ತಲೆ ಖೋಲಿಯಲ್ಲಿ ನಿಂತು ಕಾಣಲಿಲ್ಲ ಅಂದರೆ ಅದು ಕಾಣದಿರುವುದು ಅಷ್ಟೇ, ಇಲ್ಲದಿರುವುದು ಅಲ್ಲ. ನನ್ನ ಬ್ರೌಸರ್ 2012ರ ಕತ್ತಲೆಯಲ್ಲಿ ನಿಂತಿತ್ತು. ನನಗೆ ಕಾಣವಲ್ದು ಅನ್ನಬೇಕಾದವನು ನಾನು ಅದು ಇಲ್ಲ ಅಂದೆ.

ಎರಡು ಮಾತಿನ ನಡುವೆ ಏನು ಮಹಾ ವ್ಯತ್ಯಾಸ ಅಂತ ಅನ್ನಿಸಬಹುದು. "ಸರ್ವರ್ ಇಲ್ಲ" ಅನ್ನುವ ಮಾತಿನಲ್ಲಿ ನಾನು ಇಲ್ಲ. ಅದರಲ್ಲಿ ಯಾರೂ ಇಲ್ಲ. ಮಳಿ ಇಲ್ಲ ಅಂದರೆ ಯಾರ ಮ್ಯಾಲೆ ಸಿಟ್ಟಾಗುತ್ತೀರಿ? ಹಂಗೇ. "ನನ್ನ ಕಡೆ ಓಪನ್ ಆಗವಲ್ದು, ಎಲ್ಲಿ ತೊಂದ್ರಿ ಐತಿ ಇನ್ನೂ ನೋಡಿಲ್ಲ" ಅಂದರೆ ನಾನು ಒಳಗೆ ಬರುತ್ತೇನೆ. ಆಗ ಎದುರಿಗಿದ್ದವರಿಗೆ ಎರಡು ದಾರಿ ತೆರೆಯುತ್ತವೆ: ಹಂಗಾದ್ರ ನೋಡು ಅನ್ನಬಹುದು, ಇಲ್ಲವೇ ಬ್ಯಾರೆ ಅಂಗಡಿಗೆ ಹೋಗಬಹುದು. "ಸರ್ವರ್ ಇಲ್ಲ" ಅಂದರೆ ಎರಡೂ ಮುಚ್ಚುತ್ತವೆ. ಸರ್ವರ್ ಎಲ್ಲರಿಗೂ ಒಂದೇ ಅಲ್ಲ, ಬ್ಯಾರೆ ಅಂಗಡಿಗೆ ಯಾಕೆ ಹೋಗುತ್ತಾರೆ? ಮನಿಗೆ ಹೋಗುತ್ತಾರೆ.

ಇದು ನವಲಗುಂದದಲ್ಲಿ ನಡೆಯುತ್ತದೆ ಅನ್ನೋದು ನನಗೆ ಇನ್ನೂ ಬ್ಯಾಸರದ ಸಂಗತಿ. 1980ರ ಜುಲೈ 21ರಂದು ಇಲ್ಲಿ ಮತ್ತು ನರಗುಂದದಲ್ಲಿ ಮಲಪ್ರಭಾ ಕಾಲುವೆಯ ರೈತರು ನೀರಿನ ಕರ, ಬೆಟರ್‌ಮೆಂಟ್ ಲೆವಿ ವಿರುದ್ಧ ಎದ್ದು ನಿಂತರು. ಗೋಲಿಬಾರ್ ಆಯಿತು, ಜೀವ ಹೋದವು. ಇವತ್ತಿಗೂ ಪ್ರತಿ ವರ್ಷ ಆ ದಿನ ಹುತಾತ್ಮ ರೈತರಿಗೆ ಹೂ ಏರಿಸುತ್ತೇವೆ. ಅವರು ಕೇಳಿದ ಪ್ರಶ್ನೆಯ ತಿರುಳು ಸರಳ ಇತ್ತು: ಹೊಲಕ್ಕೆ ನೀರು ಮುಟ್ಟದಿದ್ದ ಮೇಲೆ ಕರ ಯಾವುದಕ್ಕೆ, ನೀರು ಎಲ್ಲಿ ನಿಂತಿತು, ಹೊಣೆ ಯಾರದು? ಅಂಥ ಊರಿನ ಜನ ನನ್ನ ಅಂಗಡಿಯ ಮುಂದೆ ನಿಂತು ಎರಡು ಶಬ್ದಕ್ಕೆ ತಲೆ ಅಲ್ಲಾಡಿಸಿ ತಿರುಗಿ ಹೋಗುತ್ತಾರೆ. ಅವರು ಮೆತ್ತಗಾಗಿದ್ದಾರೆ ಅಂತಲ್ಲ. ಯಾರನ್ನು ಕೇಳಬೇಕು ಅನ್ನೋದನ್ನು ಆ ಮಾತು ಒರೆಸಿಬಿಡುತ್ತದೆ. ಒರೆಸುವ ಅರಿವೆ ನನ್ನ ಕೈಯಲ್ಲಿತ್ತು.

ನನ್ನಂಥವರ ಪರವಾಗಿಯೂ ಎರಡು ಮಾತು ಹೇಳಬೇಕು. ಕೊನೆಯ ದಿನಗಳಲ್ಲಿ ಸರ್ವರ್ ಖರೇನ ಕುಸಿಯುತ್ತದೆ. ಇಪ್ಪತ್ತು ಮಂದಿ ನಿಂತಿರುವಾಗ ಒಬ್ಬೊಬ್ಬರಿಗೂ ಕಾಲುವೆಗುಂಟ ನಡೆದು ನೋಡಿ ಬರಲು ಆಗೋದಿಲ್ಲ. ಎಲ್ಲದಕ್ಕೂ ಪರೀಕ್ಷೆ ಮಾಡಿಯೇ ಬಾಯಿ ತೆಗೆಯಬೇಕು ಅಂದರೆ ಸಂತೆಯಲ್ಲಿ ಬದನೆಕಾಯಿ ಮಾರಲೂ ಆಗೋದಿಲ್ಲ. ಹಾಗಾದರೆ ಎಷ್ಟು ನೋಡಬೇಕು?

ನಾನು ಕಂಡುಕೊಂಡ ಅಳತೆ ಒಂದೇ. ನನ್ನ ಮಾತು ನಂಬಿ ಎದುರಿನವರು ಎಷ್ಟು ಕಳೆದುಕೊಳ್ಳುತ್ತಾರೋ ಅಷ್ಟು ನಾನು ನೋಡಬೇಕು. ಲಗ್ನಪತ್ರಿಕೆ ನಾಳೆ ಆದರೂ ನಡೆಯುತ್ತದೆ. ವಿಮೆಯ ಕೊನೆ ದಿನ ನಡೆಯೋದಿಲ್ಲ. ಮೊಬೈಲಿನಲ್ಲಿ ಒಮ್ಮೆ ಹಾಕಿ ನೋಡೋದು, ಬಂದ ಸಾಲನ್ನು ಪೂರ್ತಿ ಓದೋದು, ಇನ್ನೊಂದು ಬ್ರೌಸರ್ ತೆರೆಯೋದು, ಮೂಲೆಯ ತಾರೀಖು ನೋಡೋದು. ನಾಲ್ಕೂ ಸೇರಿ ಚಹಾ ಆರುವಷ್ಟು ಹೊತ್ತು ಬೇಡ. ನಾನು ಅಷ್ಟೂ ಮಾಡಲಿಲ್ಲ. ಬರಲಿಲ್ಲ ಅಂದಿದ್ದಕ್ಕಲ್ಲ, ನೋಡದೇ ಅಂದಿದ್ದಕ್ಕೆ ನನ್ನ ಮೇಲೆ ನನಗೆ ಸಿಟ್ಟು.

*

ಕಾಕಾನ ಹಡಗು ದಡ ಮುಟ್ಟಿತು. ಆ ಅಕ್ಕನದು?

ಮೂರನೇ ದಿನ ಸಂಜೆ ಬಾಗಿಲು ಹಾಕುವ ತನಕ ದಾರಿ ನೋಡಿದೆ. ಬರಲಿಲ್ಲ. ಅವಳ ಊರು ಕೇಳಿರಲಿಲ್ಲ, ನಂಬರ್ ತಗೊಂಡಿರಲಿಲ್ಲ. ಬೇರೆ ಕಡೆ ತುಂಬಿರಬಹುದು. ಇಲ್ಲವೇ, ಸರ್ವರೇ ಇಲ್ಲವಂತ, ಹೋಗಿ ಏನು ಮಾಡೋದು ಅಂತ ಹೊಲಕ್ಕೆ ಹೋಗಿರಬಹುದು. 2023ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ ಫ್ರೀ ಆಗಿದೆ, ಇನ್ನೊಮ್ಮೆ ಬಂದರೆ ಏನು ಹೋಗುತ್ತದೆ ಅಂತ ನಾವು ಸಸಾರ ಹೇಳುತ್ತೇವೆ. ಬಸ್ ಫ್ರೀ ಇರಬಹುದು, ಅವಳು ಬಿಟ್ಟುಬಂದ ಕೂಲಿ ಫ್ರೀ ಅಲ್ಲ. ಬಸ್ ಚಾರ್ಜ್ ತಿರುಗಿ ಕೇಳಲು ಅವಳಿಗೆ ಬರುವಂತೆಯೂ ಇರಲಿಲ್ಲ.

ಈಗ ಕಂಪ್ಯೂಟರ್ ಮಗ್ಗಲಿಗೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ತಿರುಗಿ ಕಳಿಸಬೇಕಾದ ಪ್ರತಿಯೊಬ್ಬರ ಊರು, ನಂಬರ್ ಬರೆದುಕೊಳ್ಳುತ್ತೇನೆ. ತೊಂದರೆ ಎಲ್ಲಿ ಅಂತ ನೋಡಿ ಫೋನ್ ಮಾಡುತ್ತೇನೆ. ಮಂದಿ ಮೊದಮೊದಲು ನಕ್ಕರು, ಈಗ ತಾವೇ ನಂಬರ್ ಹೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಒಮ್ಮೊಮ್ಮೆ ರೂಢಿಯಂತೆ "ಸರ್ವರ್ ಇಲ್ರಿ" ಅಂತ ಶುರು ಮಾಡುತ್ತಾನೆ. ನಾನು ಕಾಕಾನ ಹಂಗೇ ಕೇಳುತ್ತೇನೆ:

"ಎಲ್ಲಿ ಇಲ್ಲೋ ತಮ್ಮಾ?"

ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲು ಮಾತ್ರ ಖಾಲಿ ಐತಿ. ಅದು ಆ ಅಕ್ಕನದು. ಕ್ಯಾರಿಬ್ಯಾಗ್ ಅವಚಿಕೊಂಡು ಯಾರಾದರೂ ಅಂಗಡಿ ಮುಂದೆ ಬಂದು ನಿಂತರೆ ಇವತ್ತಿಗೂ ಮುಖ ಎತ್ತಿ ಒಮ್ಮೆ ನೋಡುತ್ತೇನೆ.